‘ಜೋಕಿಕ್’ ಅಲ್ಲ, ಯೊಕಿಚ್

ಮಾನ್ಯ ಸಂಪಾದಕರೇ,

ಟೆನಿಸ್‌ನ ಜೊಕೊವಿಚ್ ಹೆಸರು ಕನ್ನಡದಲ್ಲಿ ಸರಿಯಾಗಿಯೇ ಅಚ್ಚಾಗುತ್ತದೆ. ಆದರೆ ಅಮೆರಿಕದಲ್ಲಿ ಡೆನ್ವರ್ ನಗೆಟ್ಸ್ ಪರ ಬ್ಯಾಸ್ಕೆಟ್‌ಬಾಲ್ ಆಡುವ ಸರ್ಬಿಯಾದ ನಿಕೊಲಾ ಯೊಕಿಚ್ ಒಮ್ಮೊಮ್ಮೆ ‘ಜೋಕಿಕ್’ ಆಗಿಬಿಡುತ್ತಾರೆ. ಇಬ್ಬರ ಹೆಸರಿನ ಕೊನೆಯಲ್ಲೂ ಇರುವುದು ಒಂದೇ ಅಕ್ಷರ: ತಲೆಯ ಮೇಲೆ ಪುಟ್ಟ ಗೀಟಿರುವ ಸಿ. ಅದರ ಉಚ್ಚಾರ ‘ಚ್’. ಇಂಗ್ಲಿಷ್ ಸುದ್ದಿಯಲ್ಲಿ ಗೀಟು ಉದುರುತ್ತದೆ, ಕನ್ನಡಕ್ಕೆ ಬರುವಾಗ ‘ಕ್’ ಆಗುತ್ತದೆ.

ಪರದೇಶಕ್ಕೆ ಹೋದ ಸರ್ಬರ ಹೆಸರಿನಲ್ಲಿ ಆ ‘ಚ್’ ದೇಶಕ್ಕೊಂದು ವೇಷ ತೊಟ್ಟಿದೆ. ಅಮೆರಿಕದಲ್ಲಿ ಸಿ ಪಕ್ಕ ಎಚ್ ಸೇರಿತು. ಬ್ಯಾಸ್ಕೆಟ್‌ಬಾಲ್‌ನ ಮಾಜಿ ಕೋಚ್ ಗ್ರೆಗ್ ಪೊಪೊವಿಚ್ ಹೆಸರು ಹಾಗೆ. ಶಿಕಾಗೋದಲ್ಲಿ 1912ರಲ್ಲಿ ಹುಟ್ಟಿದ ನಟ ಕಾರ್ಲ್ ಮಾಲ್ಡನ್ ಅವರ ಮೂಲ ಹೆಸರು ಮ್ಲಾದೆನ್ ಸೆಕುಲೊವಿಚ್. ಹೆಸರು ಬದಲಿಸಿಕೊಂಡ ಮೇಲೂ ತಮ್ಮ ಚಿತ್ರಗಳ ಸಂಭಾಷಣೆಯಲ್ಲಿ ‘ಸೆಕುಲೊವಿಚ್’ ಎಂಬುದನ್ನು ಎಲ್ಲಾದರೂ ತೂರಿಸುತ್ತಿದ್ದರು. 1690ರ ಮಹಾವಲಸೆಯಲ್ಲಿ ಸರ್ಬರು ಹೋಗಿ ನೆಲೆಸಿದ ಹಂಗೇರಿಯಲ್ಲಿ ‘ಸಿಎಸ್’ ಎಂದರೂ ‘ಚ್’. ರೊಮೇನಿಯಾದಲ್ಲಿ ಕೊನೆಗೆ ‘ಸಿಐ’ ಬರುತ್ತದೆ. 1986ರಲ್ಲಿ ಸ್ಟೆಯಾವಾ, 1991ರಲ್ಲಿ ರೆಡ್ ಸ್ಟಾರ್ ತಂಡದೊಂದಿಗೆ ಯುರೋಪಿಯನ್ ಕಪ್ ಗೆದ್ದ ಫುಟ್‌ಬಾಲಿಗನನ್ನು ‘ಬೆಲೊಡೆಡಿಸಿ’ ಎಂದು ಬರೆದರೆ ತಪ್ಪು, ಅವರು ಬೆಲೊದೆದಿಚ್.

ಇಲ್ಲಿ ‘ದ’ ಬರೆದದ್ದು ಬೇಕೆಂದೇ. ಸರ್ಬಿಯನ್ನಿನ ತ, ದ ನಮ್ಮ ತ, ದಗಳಂತೆ ಹಲ್ಲಿಗೆ ತಾಗುತ್ತವೆ. ಟ, ಡ ಅಲ್ಲ. ಇಂಗ್ಲಿಷ್ ತೋರಿಸಲಾರದ ಈ ವ್ಯತ್ಯಾಸವನ್ನು ನಮ್ಮ ಲಿಪಿ ಸಲೀಸಾಗಿ ತೋರಿಸುತ್ತದೆ. ಜೆ ಒಂಟಿಯಾಗಿದ್ದರೆ ‘ಯ’: ಯೆಲೆನಾ, ಯೊವಾನಾ. ಡಿ ಜೊತೆ ಸೇರಿದರೆ ಸಾಮಾನ್ಯವಾಗಿ ‘ಜ’. ಗುರುತಿಲ್ಲದ ಸಿ ‘ತ್ಸ’, ಹಾಗಾಗಿ ಊರಿನ ಹೆಸರು ಸುಬೊತಿತ್ಸಾ. ಅನುಮಾನ ಬಂದರೆ ಸರ್ಬಿಯನ್ನಿನ ಸ್ವಂತ ಲಿಪಿಯಾದ ಸಿರಿಲಿಕ್‌ನಲ್ಲಿ ಹೆಸರಿನ ರೂಪ ನೋಡಿದರೆ ಸಾಕು. ಸರ್ಬಿಯನ್ ಭಾಷಾ ಸುಧಾರಕ ವುಕ್ ಕರಾಜಿಚ್ ವಿಯೆನ್ನಾದಲ್ಲಿದ್ದುಕೊಂಡು 1818ರಲ್ಲಿ ಹೊರತಂದ ನಿಘಂಟಿನಿಂದ ಬೆಳೆದ ಆ ಲಿಪಿಯಲ್ಲಿ 30 ಅಕ್ಷರ, ಅಕ್ಷರಕ್ಕೊಂದೇ ಧ್ವನಿ.

‘ಇಚ್’ ಕಂಡೊಡನೆ ಸರ್ಬಿಯನ್ ಎಂದು ಬರೆಯುವುದೂ ಬೇಡ. ಲೂಕಾ ಮೊದ್ರಿಚ್ ಕ್ರೊಯೇಷಿಯಾದವರು. ಬೋಸ್ನಿಯಾ, ಮಾಂಟೆನೆಗ್ರೊಗಳಲ್ಲೂ ಇಂಥ ಹೆಸರು ಧಾರಾಳ. ಇತ್ತ ನಿಕೊಲಾ ಟೆಸ್ಲಾ ಹೆಸರಿನಲ್ಲಿ ‘ಇಚ್’ ಇಲ್ಲ. ಆದರೆ ಅವರು ಹುಟ್ಟಿದ್ದು ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್‌ನಲ್ಲಾದರೂ ತಂದೆ ಸರ್ಬಿಯನ್ ಆರ್ಥೊಡಾಕ್ಸ್ ಪಾದ್ರಿ. 1990ರ ದಶಕದ ಯುಗೊಸ್ಲಾವಿಯಾ ಯುದ್ಧದಲ್ಲಿ ಮನೆಮಠ ಬಿಟ್ಟು ಓಡಿದವರಿಗೆ ಈ ಅದಲುಬದಲು ನಿಜಕ್ಕೂ ನೋವು ಕೊಡುತ್ತದೆ. ಹೆಸರು ಖಚಿತ, ಮೂಲ ಖಚಿತವಿಲ್ಲ ಎಂದಾಗ ಆಟಗಾರ ಯಾವ ದೇಶದ ಪರ ಆಡುತ್ತಾರೋ ಅಷ್ಟನ್ನೇ ಬರೆಯಿರಿ.

– ಓದುಗರು, ಮೈಸೂರು