ಫೋನಿಗೊಂದು ಜಾಗ ಮಾಡು

ತೀರ್ಥಹಳ್ಳಿ

ಚಿ. ಸುಧಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊರಿಗೆ ಬಂದು ನಾಲ್ಕು ದಿನವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಹನ್ನೆರಡು ದಿನ ನೀನೂ ಪಲ್ಲವಿಯೂ ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಂಡಿರಿ. ಒಂದು ಮಾತು ಹೇಳಬೇಕು ಅಂತ ಅಲ್ಲಿದ್ದಾಗಲೇ ಅನ್ನಿಸಿತ್ತು. ಎದುರಿಗೆ ಹೇಳಿದರೆ ಬೈದ ಹಾಗೆ ಆಗುತ್ತದೆ ಅಂತ ಸುಮ್ನಿದ್ದೆ. ಅದಕ್ಕೇ ಈ ಕಾಗದ.

ಶನಿವಾರ ಬೆಳಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ಚಿನ್ನಿ ಸೋಫಾದ ಮೂಲೆಯಲ್ಲಿ ಅಮ್ಮನ ಆಟ ಆಡುತ್ತಿದ್ದಳು. ತೊಡೆ ಮೇಲೆ ಗೊಂಬೆ, ಕೈಯಲ್ಲಿ ಖಾಲಿ ಸೋಪಿನ ಡಬ್ಬಿ. ಹೆಬ್ಬೆರಳಿನಿಂದ ಡಬ್ಬಿಯನ್ನು ಸವರುತ್ತಾ, ಗೊಂಬೆಯ ಮುಖ ನೋಡದೆ, "ಇರು ಪುಟ್ಟಾ, ಒಂದ್ ನಿಮಿಷ, ಒಂದೇ ನಿಮಿಷ" ಅನ್ನುತ್ತಿದ್ದಳು. ಮೂರು ವರ್ಷದ ಮಗು. ನನ್ನ ಎದೆ ಧಸಕ್ ಅಂದಿತು.

ಊಟದ ಹೊತ್ತಿನದ್ದು ನಿನಗೂ ಗೊತ್ತು. ನೀರಿನ ಚೊಂಬಿಗೆ ಫೋನು ಒರಗಿಸಿದರೆ ತಟ್ಟೆ ಖಾಲಿಯಾಗುತ್ತದೆ. ಚಮಚ ತುಟಿಗೆ ತಾಗಿದರೆ ಬಾಯಿ ತೆರೆಯುತ್ತಾಳೆ, ಅಷ್ಟೇ. ಒಂದು ದಿನ ನಡುವೆ ನೆಟ್ ಹೋಯಿತು. ಆಗ ತಟ್ಟೆ ನೋಡಿ "ಇದೇನು?" ಅಂತ ಕೇಳಿದಳು. ಅಷ್ಟು ಹೊತ್ತೂ ತಿಂದದ್ದು ಬೀನ್ಸ್ ಪಲ್ಯ. ಪಲ್ಲವಿಯ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಮಗು ಉಂಡರೆ ಸಾಕು ಅನ್ನಿಸುತ್ತದೆ. ಆದರೂ ಹೇಳಬೇಕಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಪರದೆ ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಚಿನ್ನಿಗೆ ಮಧ್ಯಾಹ್ನದೊಳಗೇ ಆ 1 ಗಂಟೆ ಮುಗಿದಿರುತ್ತದೆ.

ಬೈತಿದ್ದೀನಿ ಅಂದ್ಕೋಬೇಡ ಮಾರಾಯ. ನಾನೂ ಇದರಲ್ಲಿ ಬಿದ್ದು ಎದ್ದವಳೇ. ನಿನ್ನ ದೊಡ್ಡಪ್ಪ ತೀರಿಕೊಂಡ ವರ್ಷ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಲಗಿಕೊಂಡೇ ಫೋನು ನೋಡುತ್ತಿದ್ದೆ. ಅಡುಗೆ, ಭಜನೆ, ಯಾರದೋ ಮದುವೆ, ಒಂದು ಮುಗಿದರೆ ಇನ್ನೊಂದು. ಗಂಟೆ ಹನ್ನೆರಡೂವರೆ ಆಗಿರುತ್ತಿತ್ತು. ಫೋನು ಎಷ್ಟು ಹೊತ್ತು ನೋಡಿದೆವು ಅಂತ ಲೆಕ್ಕ ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಸೆಟ್ಟಿಂಗ್ಸ್‌ನಲ್ಲಿ ಇದೆಯಲ್ಲ, ಅದನ್ನು ಪಕ್ಕದ ಮನೆ ಹುಡುಗಿ ತೆಗೆದು ತೋರಿಸಿದಳು. ದಿನಕ್ಕೆ 5 ಗಂಟೆ 10 ನಿಮಿಷ! ನಾಳೆಯಿಂದ ಮುಟ್ಟುವುದಿಲ್ಲ ಅಂತ ದಿನಾ ಬೆಳಗ್ಗೆ ಅಂದುಕೊಳ್ಳುತ್ತಿದ್ದೆ. ರಾತ್ರಿ ಮತ್ತೆ ಅದೇ.

ಆಮೇಲೆ ಪೇಪರಿನಲ್ಲಿ ಓದಿದೆ. ತಳ್ಳಿದಷ್ಟೂ ಮುಗಿಯದೆ ಬರುತ್ತಲೇ ಇರುವ ಆ ಪುಟವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್ ಅನ್ನುವ ಅಮೆರಿಕದ ಡಿಸೈನರ್ ಅಂತೆ. ಹಾಗೆ ಮಾಡಿದ್ದಕ್ಕೆ ಅವರೇ ಆಮೇಲೆ ಬೇಸರಪಟ್ಟಿದ್ದಾರೆ. ಪೇಪರಿಗೆ ಕೊನೇ ಪುಟ ಇರುತ್ತದೆ, ಧಾರಾವಾಹಿಗೆ ಅರ್ಧ ಗಂಟೆ ಅಂತ ಇರುತ್ತದೆ. ಇದಕ್ಕೆ ಕೊನೆಯೇ ಇಲ್ಲದ ಹಾಗೆ ಮಾಡಿಟ್ಟಿದ್ದಾರೆ. ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು ಅಂತ ಆಗ ಗೊತ್ತಾಯಿತು. ಚಾರ್ಜರನ್ನು ಅಡುಗೆಮನೆಗೆ ಒಯ್ದು ಮಿಕ್ಸಿ ಪಕ್ಕ ಹಾಕಿದೆ. ರಾತ್ರಿ ಒಂಬತ್ತಾದರೆ ಫೋನು ಅಲ್ಲಿ, ನಾನು ಇಲ್ಲಿ. ಎದ್ದು ಹೋಗುವಷ್ಟು ಆಸೆ ಇರಲಿಲ್ಲ ನೋಡು. ವಾರದಲ್ಲಿ ನಿದ್ದೆ ಬಂತು.

ನಮ್ಮ ಮನೆಗೆ ಫೋನು ಬಂದಾಗ ದೊಡ್ಡಪ್ಪ ಅದಕ್ಕೆ ಹಲಸಿನ ಹಲಗೆಯ ಸ್ಟೂಲು ಮಾಡಿಸಿದ್ದರು. ನಡುಮನೆ ಕಿಟಕಿ ಪಕ್ಕ ಅದರ ಜಾಗ. ರಿಂಗಾದರೆ ಎದ್ದು ಹೋಗಬೇಕು, ಮಾತಾಡಬೇಕು, ಇಟ್ಟು ಬರಬೇಕು. ಅದು ನಮ್ಮ ಹಿಂದೆ ಊಟದ ಮಣೆಗೆ, ಹಾಸಿಗೆಗೆ ಬರುತ್ತಿರಲಿಲ್ಲ. ನಿನ್ನ ಫೋನಿಗೂ ಹಾಗೆ ಒಂದು ಜಾಗ ಮಾಡು. ಆಫೀಸಿಂದ ಬಂದವನೇ ಬೀಗದ ಕೈ ಇಡುವಲ್ಲೇ ಅದನ್ನೂ ಇಡು. ರಿಂಗ್ ಜೋರಾಗಿರಲಿ, ಯಾರದಾದರೂ ಕರೆ ಬಂದರೆ ಹೋಗಿ ಎತ್ತು. ಮಿಕ್ಕ ನೋಟಿಫಿಕೇಶನ್ ಎಲ್ಲ ಆಫ್ ಮಾಡು. ಅಲಾರಂಗೆ ಫೋನು ಬೇಕಲ್ಲ ಅಂತೀಯ, ಒಂದು ಗಡಿಯಾರ ತಗೋ.

ಇದು ಮನೆಯವರೆಲ್ಲ ಸೇರಿ ಮಾಡಬೇಕಾದ್ದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಊರಿದೆ. 2022ರಲ್ಲಿ ಅವರು ಸಂಜೆ 7 ಗಂಟೆಗೆ ಸೈರನ್ ಹಾಕಿ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ಶುರು ಮಾಡಿದರು. ದೊಡ್ಡವರೂ ಬಂದ್ ಮಾಡಿದರು, ಅದು ನನಗೆ ಹಿಡಿಸಿತು. ಮಗುವಿನ ಕೈಯಿಂದ ಕಿತ್ತುಕೊಂಡು ನಾವು ನೋಡುತ್ತಾ ಕೂತರೆ ಅದು ಒಪ್ಪುತ್ತದಾ?

ರಾತ್ರಿ ಊಟ ಒಂದರಿಂದ ಶುರು ಮಾಡಿ. ಮೂರ್ನಾಲ್ಕು ದಿನ ಅವಳು ಅಳುತ್ತಾಳೆ, ತಟ್ಟೆ ತಳ್ಳುತ್ತಾಳೆ. ಎರಡು ತುತ್ತು ಕಡಿಮೆ ತಿನ್ನಲಿ, ಏನೂ ಆಗುವುದಿಲ್ಲ. ಕಲಸಿದ ಅನ್ನ ಅವಳ ಕೈಗೇ ಕೊಡಿ, ನೆಲ ಗಲೀಜಾದರೆ ಒರೆಸಿದರಾಯಿತು. ನಾನಿದ್ದಾಗ ಬಟಾಣಿ ಸುಲಿಯಲು ಕೂರಿಸಿದ್ದೆ, ನೆನಪಿದೆಯಾ? ಅರ್ಧ ಗಂಟೆ ಅಲ್ಲಾಡಲಿಲ್ಲ. ಒಂದು ಕಾಳು ಸೋಫಾ ಕೆಳಗೆ ಉರುಳಿತು ಅಂತ ನನ್ನನ್ನೂ ನೆಲಕ್ಕೆ ಬಗ್ಗಿಸಿದಳು.

ಆ ಸ್ಟೂಲು ಅಟ್ಟದಲ್ಲೇ ಇತ್ತು. ಇಳಿಸಿ ಒರೆಸಿದ್ದೇನೆ. ಗುರುವಾರ ರಾತ್ರಿಯ ಬಸ್ಸಿಗೆ ಹಾಕಿಸುತ್ತೇನೆ, ಬೆಳಗ್ಗೆ ಹೋಗಿ ಇಳಿಸಿಕೋ. ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿಯೂ ಇದೆ. ಸ್ಟೂಲಿನ ಒಂದು ಕಾಲು ಸ್ವಲ್ಪ ಅಲ್ಲಾಡುತ್ತದೆ, ಕೆಳಗೆ ರಟ್ಟಿನ ಚೂರು ಕೊಡು. ಬಾಗಿಲ ಪಕ್ಕ, ಚಿನ್ನಿಯ ಚಪ್ಪಲಿ ಇಡುವಲ್ಲಿ ಸರಿಯಾಗಿ ಕೂರುತ್ತದೆ ಅಂತ ಕಾಣುತ್ತದೆ.

ನಿನ್ನ
ದೊಡ್ಡಮ್ಮ