ಠಾಣೆಯಲ್ಲಿ ಮಾತಾಡುವ ರೀತಿಯೇ ಇದು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ನಮ್ಮ ಬಡಾವಣೆಯ ಸರಗಳ್ಳತನದ ವರದಿ ಓದಿದೆ. ‘ಪೊಲೀಸರು ಕೂಡಲೇ ಸ್ಪಂದಿಸಿದರು’ ಎಂಬ ಸಾಲು ಕಂಡು ಸುಮ್ಮನಿರಲಾಗಲಿಲ್ಲ. ಸರ ಕಳೆದುಕೊಂಡವರು ನನ್ನ ತಾಯಿ. ಅವರನ್ನು ಠಾಣೆಗೆ ಕರೆದುಕೊಂಡು ಹೋದವನು ನಾನು.

ಅಮ್ಮನ ಕತ್ತಿನಲ್ಲಿ ಬರೆ ಎದ್ದಿತ್ತು, ಕೈ ನಡುಗುತ್ತಿತ್ತು. ಕೂತ್ಕೊಳ್ಳಿ ಎಂದು ಒಬ್ಬರೂ ಹೇಳಲಿಲ್ಲ. ‘ಏನಮ್ಮ, ಬೈಕ್ ನಂಬರ್ ನೋಡ್ಲಿಲ್ವಾ? ಕತ್ತಲಾದ್ಮೇಲೆ ಚಿನ್ನ ಹಾಕ್ಕೊಂಡು ಯಾಕೆ ಓಡಾಡ್ತೀಯ?’ ಎಂದೇ ಶುರು. ಎಪ್ಪತ್ತು ದಾಟಿದವರಿಗೆ ಮೊಮ್ಮಗನ ವಯಸ್ಸಿನವರ ಏಕವಚನ! ಉತ್ತರಿಸಲು ಬಾಯಿ ತೆರೆದರೆ ಇನ್ನೊಂದು ಪ್ರಶ್ನೆ, ‘ಬೇಗ ಹೇಳು’ ಎಂಬ ಗದರಿಕೆ. ಅಮ್ಮ ಬಾಯಿ ಮುಚ್ಚಿಬಿಟ್ಟರು. ರಾತ್ರಿ ಮನೆಯಲ್ಲಿ ಸುಧಾರಿಸಿಕೊಂಡ ಮೇಲೆ ಹೇಳಿದರು: ಹಿಂದೆ ಕೂತವನ ಮುಂಗೈಗೆ ಬ್ಯಾಂಡೇಜ್ ಇತ್ತಂತೆ, ಬೈಕು ಅದಕ್ಕೂ ಮೊದಲು ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿತ್ತಂತೆ. ತನಿಖೆಗೆ ಬೇಕಿದ್ದ ಮಾತು ಇದೇ ಅಲ್ಲವೇ? ಗದರಿ ಬಾಯಿ ಮುಚ್ಚಿಸಿದರೆ ನಷ್ಟ ಯಾರಿಗೆ? ಇದನ್ನೂ ಸೇರಿಸಿಕೊಳ್ಳಿ ಎನ್ನಲು ಮರುದಿನ ಅಂಗಡಿ ಬಾಗಿಲು ಹಾಕಿ ಹೋದರೆ, ದೂರು ಬರೆದುಕೊಳ್ಳುವ ರೈಟರ್ ಇಲ್ಲ, ಸಾಹೇಬರು ಗಿರಿ ಬೆಟ್ಟದ ಕಡೆ ಬಂದೋಬಸ್ತ್‌ಗೆ ಹೋಗಿದ್ದಾರೆ, ಆಮೇಲೆ ಬನ್ನಿ ಎಂದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಏನು ಹೇಳುತ್ತದೆ? ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ದೂರು ಕೊಟ್ಟವರಿಗೆ ಓದಿ ಹೇಳಿ ಸಹಿ ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಹಳೆಯ ಕಾನೂನಿನಲ್ಲೂ ಇದು ಇತ್ತು. ನಮಗೆ ಓದಿ ಹೇಳಲೇ ಇಲ್ಲ. ‘ಇಲ್ಲಿ ಸೈನ್ ಹಾಕಮ್ಮ’, ಅಷ್ಟೇ. ಪ್ರತಿ ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರ, ‘ಲಾಯರಾ ನೀನು?’

ಅದೇ ಹೊತ್ತಿಗೆ ಕಾಫಿ ತೋಟದ ಕೆಲಸಕ್ಕೆ ಬಂದ ಅಸ್ಸಾಂ ಕಡೆಯ ಗಂಡ ಹೆಂಡತಿ ಅಲ್ಲಿ ನಿಂತಿದ್ದರು. ಅವರಿಗೆ ಕನ್ನಡ ಬಾರದು, ಪೊಲೀಸರಿಗೆ ಅವರ ಭಾಷೆ ತಿಳಿಯದು. ಅರ್ಥವಾಗದಿದ್ದಷ್ಟೂ ಜೋರಾಗಿ ಕೂಗಿದರು. ಕೊನೆಗೆ ತೋಟದ ಮೇಸ್ತ್ರಿಗೆ ಫೋನ್ ಮಾಡಿ ಅವನು ಹೇಳಿದ್ದನ್ನು ಬರೆದುಕೊಂಡರು. ಅವರ ದೂರು ಆ ಮೇಸ್ತ್ರಿಯ ಮೇಲೆಯೇ ಇದ್ದಿದ್ದರೆ?

ಪೊಲೀಸರೊಬ್ಬರನ್ನೇ ದೂರಿ ಫಲವಿಲ್ಲ. ಸರ ಕಿತ್ತ ಜಾಗದಲ್ಲಿ ಬೀದಿದೀಪ ಕೆಟ್ಟು ಎಷ್ಟು ಕಾಲವಾಯಿತು! ಕೇಳಿದರೆ ಒಂದು ಕಚೇರಿಯವರು ಇನ್ನೊಂದು ಕಚೇರಿಯ ಕಡೆ ಕೈ ತೋರಿಸುತ್ತಾರೆ. ಹಿಂದೆ ಖಾತೆ ಬದಲಾವಣೆಗೆ ಅಲೆದಾಗಲೂ ಕೌಂಟರಿನಲ್ಲಿದ್ದವರು ತಲೆ ಎತ್ತದೆ ‘ಸರ್ವರ್ ಇಲ್ಲ’ ಎಂದಿದ್ದರು. ಎದುರು ನಿಂತವರ ಮುಖ ನೋಡಿ ಮಾತಾಡಿದರೆ ಇವರಿಗೆ ಏನು ಕಡಿಮೆಯಾಗುತ್ತದೆ?

‘ಜನಸ್ನೇಹಿ’ ಎಂದು ಗೋಡೆಗೆ ಬರೆಸಿದರೆ ಸಾಲದು. ದೂರು ಬರೆದುಕೊಳ್ಳುವವರಿಗೆ ಕೇಳಿಸಿಕೊಳ್ಳುವುದನ್ನು ಮೇಲಧಿಕಾರಿಗಳು ಕಲಿಸಲಿ. ಹಿಂದಿ, ಅಸ್ಸಾಮಿ ಬಲ್ಲವರ ಫೋನ್ ನಂಬರನ್ನಾದರೂ ಠಾಣೆಯಲ್ಲಿ ಇಟ್ಟುಕೊಳ್ಳಲಿ. ಆ ದೀಪವನ್ನೂ ಯಾರಾದರೂ ಸರಿ ಮಾಡಿಸಲಿ. ಇದ್ಯಾವುದೂ ಆಗದಿದ್ದರೆ ಇಂಥವರನ್ನು ಜನರ ಎದುರು ಕೂರಿಸಲೇಬೇಡಿ.

– ನೊಂದ ನಾಗರಿಕ, ಚಿಕ್ಕಮಗಳೂರು