ಒಮಾಹಾ ಟೂರ್ನಿಯ ಎರಡನೇ ದಿನ: ಚಿಪ್ ಲೆಕ್ಕವನ್ನು ಹಣದ ಲೆಕ್ಕದಂತೆ ಬರೆಯಬೇಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಲಾಸ್ ವೇಗಸ್‌ನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ನಡೆಯುತ್ತದೆ. 2024ರಲ್ಲಿ ಬೆಂಗಳೂರಿನ ಸಂತೋಷ್ ಸುವರ್ಣ ಅಲ್ಲಿ 2,50,000 ಡಾಲರ್ ಪ್ರವೇಶ ಶುಲ್ಕದ ಟೂರ್ನಿ ಗೆದ್ದರು. ಆ ಕಡೆಯ ಸುದ್ದಿಗೆ ಈಗ ಕನ್ನಡದಲ್ಲೂ ಓದುಗರಿದ್ದಾರೆ. ಸುವರ್ಣ ಗೆದ್ದದ್ದು ಹೋಲ್ಡೆಮ್ ಎಂಬ, ಕೈಗೆ ಎರಡೇ ಎಲೆ ಕೊಡುವ ಪೋಕರ್‌ನಲ್ಲಿ. ಒಮಾಹಾ ಪೋಕರ್‌ನ ಇನ್ನೊಂದು ಬಗೆ. ಅದೇ ಕಣ್ಣಿನಿಂದ ಒಮಾಹಾ ಟೂರ್ನಿಯನ್ನು, ಅದರಲ್ಲೂ ಎರಡನೇ ದಿನದ ಆಟವನ್ನು ನೋಡಿ ಬರೆದರೆ ವರದಿ ಬುಡದಲ್ಲೇ ತಪ್ಪುತ್ತದೆ. ಕ್ರೀಡಾ ಪುಟದ ಮಿತ್ರರಿಗೆ ಉಪಯೋಗವಾಗಲೆಂದು ಈ ಪತ್ರ.

ಒಮಾಹಾದಲ್ಲಿ ಪ್ರತಿ ಆಟಗಾರನಿಗೆ ನಾಲ್ಕು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಿಂದ ಸರಿಯಾಗಿ ಎರಡು, ಮೇಜಿನಿಂದ ಸರಿಯಾಗಿ ಮೂರು ತೆಗೆದುಕೊಂಡು ಐದು ಎಲೆಯ ಜೋಡಣೆ ಮಾಡಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಹೋಲ್ಡೆಮ್‌ನಲ್ಲಿ ಕೈಯಿಂದ ಒಂದೇ ಎಲೆ ಬಳಸಬಹುದು, ಬೇಡವೆಂದರೆ ಒಂದನ್ನೂ ಬಳಸದಿರಬಹುದು. ಒಮಾಹಾದಲ್ಲಿ ಆ ಅವಕಾಶವೇ ಇಲ್ಲ. ಮೇಜಿನ ಮೇಲೆ ನಾಲ್ಕು ಆಟೀನು ಬಿದ್ದಿವೆ, ಕೈಯಲ್ಲಿ ಆಟೀನ್ ಎಕ್ಕ ಒಂದೇ ಇದೆ ಎಂದುಕೊಳ್ಳಿ. ಹೋಲ್ಡೆಮ್‌ನಲ್ಲಿ ಅದು ಎಕ್ಕದ ಫ್ಲಷ್ (ಒಂದೇ ಜಾತಿಯ ಐದು ಎಲೆ). ಒಮಾಹಾದಲ್ಲಿ ಫ್ಲಷ್ಷೇ ಅಲ್ಲ. ಇನ್ನೂ ಮೋಸ ಮಾಡುವ ಉದಾಹರಣೆ ಹೀಗಿದೆ: ಮೇಜಿನಲ್ಲಿ ರಾಜ, ರಾಜ, 7, 7, 2. ಕೈಯಲ್ಲಿ ಎಕ್ಕ, ರಾಣಿ, 10, 7. ಹೋಲ್ಡೆಮ್ ಅಭ್ಯಾಸದವರು ಇದನ್ನು ಫುಲ್ ಹೌಸ್ (ಒಂದೇ ಬೆಲೆಯ ಮೂರು, ಇನ್ನೊಂದು ಬೆಲೆಯ ಎರಡು ಎಲೆ) ಎಂದು ಬರೆದುಬಿಡುತ್ತಾರೆ. ಆದರೆ 7ರ ಜೊತೆಗೆ ಕೈಯಿಂದ ಇನ್ನೊಂದು ಎಲೆ ಬರಲೇಬೇಕು, ಮೇಜಿನಿಂದ ಮೂರೇ ಬರಬೇಕು. ಹಾಗಾಗಿ ಕೈಗೆ ದಕ್ಕುವುದು ಮೂರು ಏಳು ಮಾತ್ರ. ಅದೇ ಕೈಯಲ್ಲಿ 10ರ ಬದಲು 2 ಇದ್ದಿದ್ದರೆ, ಮೂರು ಏಳು ಎರಡು ಎರಡು ಸೇರಿ ಫುಲ್ ಹೌಸ್ ಆಗುತ್ತಿತ್ತು. ಆಟದ ಫೋಟೊ ನೋಡಿ ವರದಿ ಬರೆಯುವಾಗ ಎರಡು ಬೆರಳಿನಿಂದ ಕೈಯ ಎರಡು ಎಲೆ, ಮೂರು ಬೆರಳಿನಿಂದ ಮೇಜಿನ ಮೂರು ಎಲೆ ಮುಟ್ಟಿ ಓದಿಕೊಂಡರೆ ತಪ್ಪುವುದಿಲ್ಲ. ಎಕ್ಕ, ರಾಜ, ರಾಣಿ, ಗುಲಾಮ, ಇಸ್ಪೀಟು, ಆಟೀನು ಎಂಬ ಮಾತುಗಳು ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ಬಾಯಿಗೆ ಸಲೀಸಾಗಿ ಬರುತ್ತವೆ. ಪತ್ರಿಕೆಯೂ ಅವನ್ನೇ ಬಳಸಿದರೆ ಓದಲು ಹಿತ.

ಈಗ ಎರಡನೇ ದಿನದ ವಿಷಯ. ಮೊದಲ ದಿನ ಮುಗಿದಾಗ ಉಳಿದವರೆಲ್ಲ ತಮ್ಮ ಚಿಪ್ಪುಗಳನ್ನು (ಪಂತ ಕಟ್ಟುವ ಬಿಲ್ಲೆಗಳನ್ನು) ಎಣಿಸಿ ಪಾರದರ್ಶಕ ಚೀಲಕ್ಕೆ ಹಾಕಿ, ಹೆಸರು ಮತ್ತು ಮೊತ್ತ ಬರೆದು, ಸಹಿ ಮಾಡಿ ಮೊಹರು ಹಾಕುತ್ತಾರೆ. ಆಟದ ನಡುವಿನ ವಿರಾಮಗಳಲ್ಲಿ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಡ್ಡಾಯವಾಗಿ ಕಟ್ಟುವ ಪಂತ, ಒಂದು ಸಣ್ಣದು, ಒಂದು ದೊಡ್ಡದು) ಏರಿ ಕೆಲಸಕ್ಕೆ ಬಾರದಂತಾದ ಸಣ್ಣ ಬೆಲೆಯ ಚಿಪ್ಪುಗಳನ್ನು ಹಿಂತೆಗೆದು ದೊಡ್ಡವನ್ನು ಕೊಡುವುದೂ ಉಂಟು. ಚಿಲ್ಲರೆ ಉಳಿದರೆ ಒಂದೊಂದು ಚಿಪ್ಪಿಗೆ ಒಂದೊಂದು ಎಲೆ ಹಂಚಿ, ದೊಡ್ಡ ಎಲೆ ಬಂದವರಿಗೆ ದೊಡ್ಡ ಚಿಪ್ಪು ಕೊಡುತ್ತಾರೆ. ಈ ಚಿಲ್ಲರೆ ವಿಲೇವಾರಿಯಲ್ಲಿ ಯಾರೂ ಆಟದಿಂದ ಹೊರಬೀಳುವಂತಿಲ್ಲ. ವಿರಾಮದ ಮೊದಲು ಮತ್ತು ನಂತರದ ಎಣಿಕೆಯಲ್ಲಿ ನೂರಿನ್ನೂರರ ವ್ಯತ್ಯಾಸ ಕಂಡರೆ ಅದು ಮುದ್ರಣದೋಷ ಆಗಬೇಕಿಲ್ಲ, ಇದೇ ಕಾರಣವಿರಬಹುದು.

ಮರುದಿನ ಹೊಸ ಮೇಜು, ಹೊಸ ಕುರ್ಚಿ. ಗುರುತಿನ ಚೀಟಿ ತೋರಿಸಿ ಕುಳಿತ ಮೇಲೆ ಚೀಲ ಒಡೆದು, ಬರೆದಷ್ಟೇ ಚಿಪ್ಪು ಇದೆಯೇ ಎಂದು ಮತ್ತೊಮ್ಮೆ ಎಣಿಸಲಾಗುತ್ತದೆ. ತಡವಾಗಿ ಬಂದವನ ಚಿಪ್ಪುಗಳನ್ನೂ ಮೇಜಿನ ಮೇಲೆ ಇಡುತ್ತಾರೆ. ಅವನು ಬರುವವರೆಗೆ ಅದರಿಂದ ಬ್ಲೈಂಡ್ ಕಳೆಯುತ್ತಾ ಹೋಗುತ್ತದೆ. ಇಲ್ಲಿ ಒಂದು ಮುಖ್ಯ ಮಾತು: ದೊಡ್ಡ ಟೂರ್ನಿಗಳಲ್ಲಿ ಹೊಸಬರ ಪ್ರವೇಶ ಎಷ್ಟೋ ಸಲ ಎರಡನೇ ದಿನದ ಶುರುವಿನವರೆಗೂ ತೆರೆದಿರುತ್ತದೆ. ಪ್ರವೇಶ ಮುಚ್ಚುವವರೆಗೆ ಒಟ್ಟು ಬಹುಮಾನದ ಮೊತ್ತವಾಗಲಿ, ಎಷ್ಟು ಜನರಿಗೆ ಹಣ ಸಿಗುತ್ತದೆ ಎಂಬುದಾಗಲಿ ನಿಗದಿಯಾಗಿರುವುದಿಲ್ಲ. ಮೊದಲ ದಿನದ ವರದಿಯಲ್ಲೇ 'ಇಂತಿಷ್ಟು ಕೋಟಿಯ ಬಹುಮಾನಕ್ಕೆ ಪೈಪೋಟಿ' ಎಂದು ಬರೆಯುವುದು ಅವಸರವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಗೊಂದಲ ಚಿಪ್ ಎಣಿಕೆಯದು. '8 ಲಕ್ಷದೊಂದಿಗೆ ಮುನ್ನಡೆ' ಎಂದು ಬರೆದರೆ ಓದುಗ ಅದನ್ನು ಡಾಲರ್ ಎಂದೋ ರೂಪಾಯಿ ಎಂದೋ ಓದುತ್ತಾನೆ. ಟೂರ್ನಿ ಚಿಪ್ಪಿಗೆ ನಗದು ಬೆಲೆ ಇಲ್ಲ. ಅದಕ್ಕೆ ಅರ್ಥ ಬರುವುದು ಬ್ಲೈಂಡ್ ಮತ್ತು ಸರಾಸರಿಯ ಪಕ್ಕದಲ್ಲಿಟ್ಟಾಗ ಮಾತ್ರ. 10,000 ಡಾಲರ್ ಶುಲ್ಕದ ಆಟಗಳಲ್ಲಿ ಶುರುವಿಗೆ 60,000 ಚಿಪ್ ಕೊಡುವುದು ಈಚಿನ ರೂಢಿ. ಲೆಕ್ಕಕ್ಕೆ 500 ಪ್ರವೇಶಗಳು ಎನ್ನೋಣ. ಆಗ ಸಭಾಂಗಣದಲ್ಲಿರುವ ಒಟ್ಟು ಚಿಪ್ 3 ಕೋಟಿ. ಇದು ಕೊನೆಯವರೆಗೂ ಬದಲಾಗುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ. 120 ಜನ ಉಳಿದಾಗ ಸರಾಸರಿ 2,50,000. ಬ್ಲೈಂಡ್ 4,000–8,000 ಇದ್ದರೆ ಸರಾಸರಿ ಆಟಗಾರನ ಬಳಿ ಇರುವುದು ದೊಡ್ಡ ಬ್ಲೈಂಡಿನ 31 ಪಟ್ಟು. 8 ಲಕ್ಷ ಇದ್ದವನ ಬಳಿ 100 ಪಟ್ಟು. ವರದಿಯಲ್ಲಿ ಬೇಕಾದದ್ದು ಈ '31' ಮತ್ತು '100'.

ಒಮಾಹಾವನ್ನು ಹೆಚ್ಚಾಗಿ ಪಾಟ್ ಲಿಮಿಟ್ ಆಗಿ ಆಡುತ್ತಾರೆ. ಒಂದು ಸಲಕ್ಕೆ ಪಾಟ್‌ನಲ್ಲಿ (ಮೇಜಿನ ನಡುವೆ ಕೂಡಿದ ಪಂತದ ಮೊತ್ತದಲ್ಲಿ) ಇರುವಷ್ಟನ್ನೇ ಹೆಚ್ಚಿಸಬಹುದು. ಎದುರಾಳಿ ಕಟ್ಟಿದ್ದನ್ನು ಮೊದಲು ಸರಿದೂಗಿಸಿ, ಆಮೇಲೆ ಪಾಟ್ ಅಳೆಯಬೇಕು. ಡೀಲರ್‌ಗಳ ಸುಲಭ ಸೂತ್ರ ಇದು: ಕೊನೆಯ ಪಂತದ ಮೂರರಷ್ಟು, ಅದಕ್ಕೆ ಆ ಪಂತಕ್ಕೂ ಮೊದಲು ಪಾಟ್‌ನಲ್ಲಿದ್ದದ್ದನ್ನು ಕೂಡಿಸಿ. ಪಾಟ್ 40,000, ಎದುರಾಳಿ 30,000 ಕಟ್ಟಿದ ಎಂದರೆ, ಗರಿಷ್ಠ 90,000 + 40,000 = 1,30,000. ಈ ಲೆಕ್ಕದಲ್ಲಿ ಸರಿದೂಗಿಸುವ 30,000 ಬಿಟ್ಟುಹೋಗಿ 1,00,000 ಎಂದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಮೊದಲ ಸುತ್ತಿನಲ್ಲಿ ಆಂಟಿಯನ್ನು (ಬ್ಲೈಂಡ್ ಅಲ್ಲದೆ ಕಟ್ಟುವ ಇನ್ನೊಂದು ಕಡ್ಡಾಯ ಪಂತವನ್ನು) ಪಾಟ್‌ಗೆ ಸೇರಿಸಿ ಎಣಿಸಬೇಕೋ ಬೇಡವೋ ಎಂಬುದನ್ನು ಟೂರ್ನಿಯವರು ಮೊದಲೇ ಹೇಳಿರಬೇಕು. ಹೇಳದಿದ್ದರೆ ಎರಡನೇ ದಿನ ಪ್ರತಿ ಮೇಜಿನಲ್ಲೂ ಅದೇ ತಕರಾರು.

ಈ ಮಿತಿಯಿಂದಾಗಿ ಎರಡನೇ ದಿನದ ಆಟದ ಸ್ವರೂಪವೇ ಬೇರೆಯಾಗುತ್ತದೆ. ಹೋಲ್ಡೆಮ್‌ನಲ್ಲಿ 10 ಬ್ಲೈಂಡ್ ಉಳಿದವನು ಇದ್ದದ್ದನ್ನೆಲ್ಲ ಮುಂದೆ ತಳ್ಳಿ ಎದುರಾಳಿಯನ್ನು ಬೆದರಿಸಬಹುದು. ಒಮಾಹಾದಲ್ಲಿ ಆಗದು. ಬ್ಲೈಂಡ್ 4,000–8,000 ಇರುವಾಗ ಮೊದಲು ಏರಿಸುವವನಿಗೆ ಗರಿಷ್ಠ 28,000. ಆಂಟಿ ಬಿಟ್ಟು ಲೆಕ್ಕ ಹಾಕಿದರೂ ದೊಡ್ಡ ಬ್ಲೈಂಡ್‌ನಲ್ಲಿ ಕೂತವನು ಇನ್ನು 20,000 ಹಾಕಿದರೆ ಸಾಕು, ಎದುರಿಗೆ 40,000 ಕಾಯುತ್ತಿರುತ್ತದೆ. ಒಂದಕ್ಕೆ ಎರಡು. ನಾಲ್ಕು ಎಲೆಯ ಆಟದಲ್ಲಿ ಕೈಗಳ ನಡುವಿನ ಅಂತರವೂ ಕಡಿಮೆ. ಹೋಲ್ಡೆಮ್‌ನಲ್ಲಿ ಎರಡು ಎಕ್ಕ ಎರಡು ರಾಜನ ಎದುರು ನೂರಕ್ಕೆ 80ಕ್ಕೂ ಹೆಚ್ಚು ಸಲ ಗೆಲ್ಲುತ್ತವೆ. ಒಮಾಹಾದಲ್ಲಿ ಎರಡು ಎಕ್ಕ ಎರಡು ರಾಜ ಒಟ್ಟಿಗೇ ಕೈಯಲ್ಲಿದ್ದರೂ, ಎರಡು ಜಾತಿಗಳಲ್ಲಿ ಹೊಂದಿಕೊಂಡ 8-7-6-5ರ ಎದುರು ಅದು ಸುಮಾರು 60–40ರ ಆಟ. ಹೀಗಿರುವಾಗ ದೊಡ್ಡ ಬ್ಲೈಂಡ್‌ನವನು ಏಕೆ ಬಿಟ್ಟುಕೊಡುತ್ತಾನೆ? ಹತ್ತು ಬ್ಲೈಂಡಿಗೆ ಇಳಿದವನು ಫ್ಲಾಪ್ (ಮೇಜಿಗೆ ಬೀಳುವ ಮೊದಲ ಮೂರು ಎಲೆ) ನೋಡಿಯೇ ಪಣಕ್ಕೊಡ್ಡಬೇಕು, ಗೆದ್ದೇ ಎದ್ದೇಳಬೇಕು.

ಸರಾಸರಿಯವನ ಕಥೆಯೂ ಸುರಕ್ಷಿತವೇನಲ್ಲ. 2,50,000 ಇರುವ ಇಬ್ಬರು ಎದುರಾದರು ಎನ್ನಿ. ಒಬ್ಬ 28,000ಕ್ಕೆ ಏರಿಸಿದ, ದೊಡ್ಡ ಬ್ಲೈಂಡ್‌ನವನು ಒಪ್ಪಿದ: ಪಾಟ್ 60,000. ಫ್ಲಾಪ್‌ನಲ್ಲಿ 60,000 ಕಟ್ಟಿ ಒಪ್ಪಿದರೆ ಪಾಟ್ 1,80,000. ಇಬ್ಬರ ಬಳಿಯೂ ಉಳಿದದ್ದು 1,62,000. ಟರ್ನ್ ಎಲೆ (ಮೇಜಿನ ನಾಲ್ಕನೆಯದು) ಬಿದ್ದ ಕೂಡಲೇ ಎಲ್ಲವೂ ನಡುವಿಗೆ. ಅಂದರೆ ಫ್ಲಾಪ್‌ನಲ್ಲಿ ಕಟ್ಟುವ ಮೊದಲ ಪಂತವೇ ಇಡೀ ದಿನದ ತೀರ್ಮಾನ. ಚಿಪ್ ನಾಯಕರ ಪಟ್ಟಿ ಒಂದೇ ಗಂಟೆಯಲ್ಲಿ ತಲೆಕೆಳಗಾಗುವುದು ಇದರಿಂದಲೇ. ಅದನ್ನು 'ಅನಿರೀಕ್ಷಿತ ಕುಸಿತ' ಎಂದು ಬರೆಯುವುದು ಆಟಗಾರನಿಗೆ ಅನ್ಯಾಯ.

ಫ್ಲಾಪ್‌ನಲ್ಲಿ ಯಾರು ಮುಂದಿದ್ದಾರೆ ಎಂಬ ಪ್ರಶ್ನೆಗೂ ಇಲ್ಲಿ ನೇರ ಉತ್ತರ ಇರುವುದಿಲ್ಲ. ಮೇಜಿನಲ್ಲಿ 9-8-2, ಕೈಯಲ್ಲಿ ಗುಲಾಮ-10-7-6. ಇನ್ನೂ ಏನೂ ಕೂಡಿಲ್ಲ, ಬರೀ ಬಿಡಿ ಎಲೆಗಳು. ಆದರೆ ನಾಲ್ಕು ರಾಣಿ, ನಾಲ್ಕು 5, ಮೂರು ಗುಲಾಮ, ಮೂರು 10, ಮೂರು 7, ಮೂರು 6: ಒಟ್ಟು 20 ಎಲೆಗಳಲ್ಲಿ ಯಾವುದು ಬಂದರೂ ಸ್ಟ್ರೇಟ್ (ಬೆಲೆಯಲ್ಲಿ ಸಾಲಾಗಿ ಬರುವ ಐದು ಎಲೆ). ಕಾಣದ 45 ಎಲೆಗಳಲ್ಲಿ 20. ಎರಡು ಎಲೆ ಬರುವಷ್ಟರಲ್ಲಿ ಸ್ಟ್ರೇಟ್ ಆಗುವ ಸಾಧ್ಯತೆ ಸುಮಾರು ಶೇ 70. ಎದುರಾಳಿಯ ಬಳಿ ಮೂರು ಒಂಬತ್ತು ಇದ್ದರೆ, ಮೇಜಿನ ಎಲೆ ಜೋಡಿಯಾಗಿ ಫುಲ್ ಹೌಸ್ ಆಗುವ ಅಪಾಯವನ್ನು ಇದರಿಂದ ಕಳೆಯಬೇಕು. ಹಾಗಿದ್ದೂ ಇದು ಜೂಜಿನ ಹುಚ್ಚಲ್ಲ, ಲೆಕ್ಕದ ಪಂತ. ಇದಕ್ಕೆ ವಿರುದ್ಧವಾಗಿ, ಕೈಗೆ ಬಂದ ಮೂರು ರಾಜರನ್ನು ಅದೃಷ್ಟ ಎಂದು ವರ್ಣಿಸುವವರಿದ್ದಾರೆ. ಎರಡನ್ನೇ ಬಳಸಬಹುದಾದ್ದರಿಂದ ಮೂರನೆಯದು ದಂಡ. ಅಷ್ಟೇ ಅಲ್ಲ, ಮೇಜಿನ ಮೇಲೆ ಬೀಳಬಹುದಾದ ರಾಜ ಇನ್ನೊಂದೇ ಉಳಿದಿರುತ್ತದೆ.

ಬಹುಮಾನದ ಗಡಿ ಬರುವುದು ಸಾಮಾನ್ಯವಾಗಿ ಎರಡನೇ ದಿನವೇ. ವರ್ಲ್ಡ್ ಸೀರೀಸ್‌ನಲ್ಲಿ ಸುಮಾರು ಶೇ 15ರಷ್ಟು ಪ್ರವೇಶಗಳಿಗೆ ಹಣ ಸಿಗುತ್ತದೆ. ನಮ್ಮ ಲೆಕ್ಕದ 500ರಲ್ಲಿ 75. 76 ಜನ ಉಳಿದಾಗ ಎಲ್ಲ ಮೇಜುಗಳಲ್ಲೂ ಒಂದೊಂದೇ ಆಟ ಹಂಚಿ, ಎಲ್ಲವೂ ಮುಗಿಯುವವರೆಗೆ ಕಾಯಿಸುತ್ತಾರೆ. ನಿಧಾನಿಸಿ ಲಾಭ ಪಡೆಯುವುದನ್ನು ತಪ್ಪಿಸಲು ಈ ಕ್ರಮ. ಒಂದೇ ಸುತ್ತಿನಲ್ಲಿ ಬೇರೆ ಬೇರೆ ಮೇಜಿನ ಇಬ್ಬರು ಹೊರಬಿದ್ದರೆ ಆ ಸ್ಥಾನದ ಹಣ ಹಂಚಿಕೆಯಾಗುತ್ತದೆ. ಒಂದೇ ಮೇಜಿನವರಾದರೆ ಆ ಆಟದ ಶುರುವಿಗೆ ಹೆಚ್ಚು ಚಿಪ್ ಇದ್ದವನು ಮೇಲಿನ ಸ್ಥಾನ ಪಡೆಯುತ್ತಾನೆ.

ಮೇಜಿನ ಮೇಲಿನ ಎಡವಟ್ಟುಗಳನ್ನೂ ಗಮನಿಸಬೇಕು. ಎಂಟು ಜನರಿಗೆ ನಾಲ್ಕರಂತೆ 32, ಮೇಜಿಗೆ 5, ಪಕ್ಕಕ್ಕಿಡುವುದು 3: ಒಂದು ಆಟಕ್ಕೆ 40 ಎಲೆ. ಇಷ್ಟು ಹಂಚುವಾಗ ಎಲೆ ಅಂಟಿಕೊಂಡು ಒಬ್ಬನಿಗೆ ಐದು ಹೋಗುವುದುಂಟು. ಆಟ ಮುಂದುವರಿದ ಮೇಲೆ ಅದು ಗೊತ್ತಾದರೆ ಆ ಕೈ ಸತ್ತಂತೆ. ಎಲೆ ಬಂದ ತಕ್ಷಣ ನಾಲ್ಕನ್ನೂ ಎಣಿಸಿಕೊಳ್ಳುವುದು ಆಟಗಾರನದೇ ಜವಾಬ್ದಾರಿ. ಕೊನೆಯಲ್ಲಿ ಪಾಟ್ ಕೇಳುವವನು ಬೇಕಾದ ಎರಡನ್ನಷ್ಟೇ ತೋರಿಸಿದರೆ ಸಾಲದು, ನಾಲ್ಕೂ ಎಲೆ ಮೇಲ್ಮುಖವಾಗಿ ಮೇಜಿಗೆ ಬೀಳಬೇಕು. ಸೋತೆನೆಂದು ತಿಳಿದು ಮುಚ್ಚಿ ಎಸೆದ ಮೇಲೆ, ಅಲ್ಲೊಂದು ಸ್ಟ್ರೇಟ್ ಇತ್ತಲ್ಲ ಎಂದರೆ ಪ್ರಯೋಜನವಿಲ್ಲ. ಕೈಯ ನಾಲ್ಕು ಎಲೆಯಲ್ಲಿ ಆರು ಜೋಡಿ, ಮೇಜಿನ ಐದರಲ್ಲಿ ಮೂರರ ಹತ್ತು ಗುಂಪು, ಒಟ್ಟು 60 ಜೋಡಣೆ. ಹತ್ತು ಗಂಟೆ ಆಡಿ ದಣಿದ ಕಣ್ಣು ಇದರಲ್ಲಿ ಒಂದನ್ನು ತಪ್ಪಿಸಿಕೊಳ್ಳುವುದು ಅಪರೂಪವಲ್ಲ.

ಹಣದ ಬಗ್ಗೆ ಎರಡು ಮಾತು. ಡಾಲರ್ ಬಹುಮಾನವನ್ನು ರೂಪಾಯಿಗೆ ಗುಣಿಸಿ ತಲೆಬರಹ ಮಾಡುವ ಮುನ್ನ, ಭಾರತೀಯ ಆಟಗಾರನ ಗೆಲುವಿನಿಂದ ಅಮೆರಿಕದಲ್ಲಿ ಶೇ 30 ತೆರಿಗೆ ಮುರಿದುಕೊಳ್ಳುತ್ತಾರೆ ಎಂಬುದನ್ನು ಸೇರಿಸಿ. ಎಷ್ಟೋ ಆಟಗಾರರು ಪ್ರವೇಶ ಶುಲ್ಕದ ಪಾಲನ್ನು ಬೇರೆಯವರಿಗೆ ಮಾರಿರುತ್ತಾರೆ, ಗೆದ್ದದ್ದರಲ್ಲೂ ಅವರಿಗೆ ಪಾಲು ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ, ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಲಾಸ್ ವೇಗಸ್‌ನ ಮೇಜಿನ ಆಟದ ಸುದ್ದಿ ಓದಿ ಇಲ್ಲಿನ ಹುಡುಗರು ಮೊಬೈಲಿನಲ್ಲಿ ಹಣ ಕಟ್ಟಲು ಹೋಗದಂತೆ, ಈ ವ್ಯತ್ಯಾಸವನ್ನು ವರದಿಯಲ್ಲೇ ಒಂದು ಸಾಲಿನಲ್ಲಿ ಹೇಳುವುದು ಪತ್ರಿಕೆಯ ಕರ್ತವ್ಯ.

ಇದಕ್ಕೆಲ್ಲ ಹೆಚ್ಚು ಜಾಗ ಬೇಡ. ಮೇಲಿನ ಲೆಕ್ಕದ ಟೂರ್ನಿಯನ್ನೇ ಹಿಡಿದು ಹೇಳುವುದಾದರೆ, ಹೀಗೆ ಬರೆದರೆ ಸಾಕು: 'ಪಾಟ್ ಲಿಮಿಟ್ ಒಮಾಹಾ ಟೂರ್ನಿಯ ಎರಡನೇ ದಿನದಾಟದಲ್ಲಿ 500 ಪ್ರವೇಶಗಳ ಪೈಕಿ 120 ಮಂದಿ ಉಳಿದಿದ್ದಾರೆ. ಬ್ಲೈಂಡ್ 4,000–8,000, ಸರಾಸರಿ 2,50,000 ಚಿಪ್, ಅಂದರೆ 31 ಬ್ಲೈಂಡ್. ಮುನ್ನಡೆಯಲ್ಲಿರುವವರ ಬಳಿ 8,00,000. ಬಹುಮಾನದ ಗಡಿಗೆ ಇನ್ನೂ 45 ಮಂದಿ ಹೊರಬೀಳಬೇಕು.'

— ಓದುಗರೊಬ್ಬರು, ಮಂಗಳೂರು